ಎಷ್ಟು ರೊಕ್ಕ ಇದ್ರ ಸಾಕು? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮನೆಗಳಿಗೆ ಉಳಿತಾಯದ ಪ್ರಶ್ನೋತ್ತರ

ಇಲ್ಲಿ ಕೊಟ್ಟಿರುವ ಬಡ್ಡಿ ದರಗಳು 2025ರವು. ಅಂಚೆ ಕಚೇರಿ ಯೋಜನೆಗಳ ದರವನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಹಾಗಾಗಿ ಹಣ ಕಟ್ಟುವ ದಿನ ಕೌಂಟರಿನಲ್ಲಿ ಇನ್ನೊಮ್ಮೆ ಕೇಳಿಕೊಳ್ಳಿ. ಮನೆಖರ್ಚಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

ನೇರವಾಗಿ ಹೇಳ್ರಿ, ಎಷ್ಟು ಲಕ್ಷ ಇದ್ರ ಸಾಕು?

ಲಕ್ಷದಲ್ಲಿ ಕೇಳಿದರೆ ಉತ್ತರವಿಲ್ಲ, ತಿಂಗಳಲ್ಲಿ ಕೇಳಿದರೆ ಇದೆ. ನಾಳೆಯಿಂದ ಒಂದು ರೂಪಾಯಿಯೂ ಬರದಿದ್ದರೆ ಮನೆಯ ಒಲೆ ಎಷ್ಟು ತಿಂಗಳು ಉರಿಯುತ್ತದೆ? ಅಳತೆ ಅದೇ. ಒಂದು ಲಕ್ಷ ಇರುವ ಎರಡು ಮನೆಗಳಲ್ಲಿ ಒಂದಕ್ಕೆ ಅದು ಎಂಟು ತಿಂಗಳ ಬಾಳ್ವೆ, ಇನ್ನೊಂದಕ್ಕೆ ಮೂರೇ ತಿಂಗಳು.

ಸರ್ಕಾರಿ ಸಂಬಳ ಬರುವ ಮನೆಗೆ ಮೂರು ತಿಂಗಳ ಖರ್ಚು ಕೈಯಲ್ಲಿದ್ದರೆ ನಡೆಯುತ್ತದೆ. ಖಾಸಗಿ ಕೆಲಸ, ಗುತ್ತಿಗೆ ಕೆಲಸ, ಬಳ್ಳಾರಿಯ ಜೀನ್ಸ್ ಹೊಲಿಗೆ, ಸಣ್ಣ ಅಂಗಡಿ, ಇವಕ್ಕೆ ಆರು ತಿಂಗಳು ಬೇಕು. ರೈತರಿಗೆ ತಿಂಗಳ ಲೆಕ್ಕವೇ ಹೊಂದುವುದಿಲ್ಲ. ಅವರ ಅಳತೆ ಬೆಳೆ. ಒಂದು ಬೆಳೆ ಪೂರ್ತಿ ಕೈಕೊಟ್ಟರೂ ಮುಂದಿನ ಬೆಳೆಯ ಪಟ್ಟಿ, ಅಂದರೆ ಮಾಲು ಮಾರಿದ ರೊಕ್ಕ, ಕೈಗೆ ಬರುವ ತನಕ ಸಾಲವಿಲ್ಲದೆ ಉಣ್ಣುವಷ್ಟು ಬೇಕು. ಇದು ಕಷ್ಟಕಾಲದ ಗಂಟು. ಮುಪ್ಪಿನ ಗಂಟು ಬೇರೆ, ಅದರ ಲೆಕ್ಕ ಕೆಳಗಿದೆ. ಎರಡನ್ನೂ ಒಂದೇ ಖಾತೆಯಲ್ಲಿಟ್ಟರೆ ಎರಡೂ ಉಳಿಯುವುದಿಲ್ಲ.

ತಿಂಗಳ ಖರ್ಚು ಅಂದ್ರ ಯಾವ್ಯಾವುದು ಹಿಡೀಬೇಕು?

ಕೆಲಸ ಹೋದರೂ ನಿಲ್ಲಿಸಲಾಗದ ಖರ್ಚನ್ನೆಲ್ಲ ಹಿಡಿಯಿರಿ. ರಾಯಚೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ನಾಲ್ವರ ಸಂಸಾರ ಅಂದುಕೊಳ್ಳಿ. ಬಾಡಿಗೆ 5,000, ಕಿರಾಣಿ 5,500, ಹಾಲು 1,800, ತರಕಾರಿ 2,000, ಗ್ಯಾಸ್ 900, ಪೆಟ್ರೋಲ್ 1,500, ಮೊಬೈಲ್ 700, ಗುಳಿಗೆ-ಔಷಧ 600. ಕೂಡಿಸಿದರೆ 18,000. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ, ತಪ್ಪುವುದೂ ಇಲ್ಲಿಯೇ. ವರ್ಷಕ್ಕೊಮ್ಮೆ ಬರುವ ಖರ್ಚು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಜೂನ್‌ನಲ್ಲಿ ಮಕ್ಕಳ ಫೀ 36,000, ಗಾಡಿ ಇನ್ಶೂರೆನ್ಸ್ 2,000, ಹಬ್ಬದ ಬಟ್ಟೆ, ಊರ ಜಾತ್ರೆ, ಮದುವೆಗಳ ಮುಯ್ಯಿ ಸೇರಿ 22,000. ಒಟ್ಟು 60,000, ತಿಂಗಳಿಗೆ ಹಂಚಿದರೆ 5,000. ಈ ಮನೆಯ ನಿಜವಾದ ಖರ್ಚು 23,000. ಆರು ತಿಂಗಳಿಗೆ 1,38,000.

ಮುಯ್ಯಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಹಳೆಯ ಮುಯ್ಯಿ ಪುಸ್ತಕ ಇದ್ದರೆ ತೆರೆದು ನೋಡಿ. ಯಾರು ಎಷ್ಟು ಹಾಕಿದ್ದಾರೆ, ಅವರ ಮನೆಯಲ್ಲಿ ಮದುವೆ ವಯಸ್ಸಿನವರು ಎಷ್ಟು ಮಂದಿ ಇದ್ದಾರೆ ಎಂದು ಎಣಿಸಿದರೆ ಮುಂದಿನ ಎರಡು ವರ್ಷದ ಮುಯ್ಯಿ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಅದು ತಿರುಗಿ ಕೊಡಬೇಕಾದ ಸಾಲವೇ, ಬಡ್ಡಿ ಇಲ್ಲ ಅಷ್ಟೆ.

ನಮ್ದು ನಾಲ್ಕು ಎಕರೆ ಭತ್ತ, ಎಡದಂಡೆ ಕಾಲುವೆ ನೀರು. ನಮಗ ಎಷ್ಟು?

ಮನೆಖರ್ಚು ತಿಂಗಳಿಗೆ 15,000 ಎಂದು ಹಿಡಿಯೋಣ. ಮೊದಲ ಬೆಳೆ ಡಿಸೆಂಬರ್ ಹೊತ್ತಿಗೆ ರೊಕ್ಕವಾಗುತ್ತದೆ, ಎರಡನೆಯದು ಮೇ ತಿಂಗಳಿಗೆ. ಎರಡೂ ಬಂದ ವರ್ಷ ಡಿಸೆಂಬರಿನಲ್ಲಿ ಕೈಯಲ್ಲಿ ಆರು ತಿಂಗಳ 90,000 ಇದ್ದರೆ ಸಾಕು. ಆದರೆ ಎರಡನೇ ಬೆಳೆಗೆ ನೀರು ಸಿಕ್ಕೇ ಸಿಗುತ್ತದೆ ಎಂದು ಯಾರೂ ಬರೆದು ಕೊಟ್ಟಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ಡ್ಯಾಂ ತುಂಬಿತ್ತು. ತುಂಬಿದ ಡ್ಯಾಂ ಎದುರಿಗಿದ್ದರೂ ಬೆಳೆ ಗ್ಯಾರಂಟಿಯಲ್ಲ. ಕಾಲುವೆಯ ಕೊನೆಗಿರುವ ಮಾನ್ವಿ, ಸಿರವಾರದ ಟೇಲೆಂಡ್ ರೈತರಿಗಂತೂ ಇದನ್ನು ಹೇಳುವುದೇ ಬೇಡ. ಆದ್ದರಿಂದ ನಿಮ್ಮ ‘ಸಾಕು’ ಹನ್ನೆರಡು ತಿಂಗಳ ಖರ್ಚು, ಅಂದರೆ 1,80,000.

ಇದರ ಮೇಲೆ ಮುಂದಿನ ಬೆಳೆಯ ಬಂಡವಾಳ. ಎಕರೆಗೆ 40,000 ಹಿಡಿದರೆ 1,60,000. ಇದನ್ನು ಪೂರ್ತಿ ಕೈಯಿಂದಲೇ ಹಾಕಬೇಕೆಂದಿಲ್ಲ, ಬೆಳೆಸಾಲ ಇರುವುದೇ ಅದಕ್ಕೆ. ಅರ್ಧ, ಅಂದರೆ 80,000 ನಿಮ್ಮದೇ ಇದ್ದರೆ ಗೊಬ್ಬರದ ಅಂಗಡಿಯ ಉದ್ದರಿ ತಪ್ಪುತ್ತದೆ. ಉದ್ದರಿಯಲ್ಲಿ ಬಡ್ಡಿ ಚೀಲದ ರೇಟಿನಲ್ಲೇ ಸೇರಿರುತ್ತದೆ, ಚೀಟಿಯಲ್ಲಿ ಬೇರೆ ಕಾಣುವುದಿಲ್ಲ.

ತೊಗರಿ, ಹತ್ತಿ, ಜೋಳದ ಖುಷ್ಕಿ ಹೊಲದವರಿಗೆ ವರ್ಷಕ್ಕೆ ಒಂದೇ ಪಟ್ಟಿ. ಅವರು ಹದಿನೆಂಟು ತಿಂಗಳಿಗೆ ಗುರಿ ಇಡಬೇಕು. ಒಂದೇ ವರ್ಷದಲ್ಲಿ ಆಗುವ ಮಾತಲ್ಲ. ಒಳ್ಳೆ ಬೆಳೆ ಬಂದ ವರ್ಷ ಮೂರು ತಿಂಗಳಷ್ಟು ಸೇರಿಸಿದರೆ ಆರು ಒಳ್ಳೆ ವರ್ಷ ಬೇಕು.

ಪಟ್ಟಿ ರೊಕ್ಕ ಬಂದ ದಿನ ಮೊದಲು ಏನು ಮಾಡಬೇಕು?

ಮನೆಗೆ ನಗದು ತರದೆ ಖಾತೆಗೇ ಹಾಕಿಸಿಕೊಳ್ಳಿ. ನಗದು ಕಂಡರೆ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಮೊದಲ ಪಾಲು ಬಡ್ಡಿ ಜಾಸ್ತಿ ಇರುವ ಕೈಸಾಲಕ್ಕೆ, ಎರಡನೆಯದು ಗೊಬ್ಬರ-ಎಣ್ಣೆ ಅಂಗಡಿಗೆ, ಮೂರನೆಯದು ಬೆಳೆಸಾಲಕ್ಕೆ.

ಆದರೆ ಬೆಳೆಸಾಲವನ್ನು ಅವಸರದಿಂದ ತೀರಿಸಬೇಡಿ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಸಾಲಕ್ಕೆ, ವಾಯಿದೆಯೊಳಗೆ ಕಟ್ಟಿದರೆ, ರಾಜ್ಯದಲ್ಲಿ ಬಡ್ಡಿ ಇಲ್ಲ. ಬ್ಯಾಂಕಿನ ಕಿಸಾನ್ ಕಾರ್ಡ್ ಸಾಲದಲ್ಲಿ 3 ಲಕ್ಷದವರೆಗೆ ಶೇ 7 ಬಡ್ಡಿ, ಸಮಯಕ್ಕೆ ಕಟ್ಟಿದರೆ ಶೇ 3 ರಿಯಾಯಿತಿ, ಕೊನೆಗೆ ಬೀಳುವುದು ಶೇ 4. ವಾಯಿದೆಗೆ ಹತ್ತು ದಿನ ಮುಂಚೆ ಮುಗಿಯುವಂತೆ ಆ ಹಣವನ್ನು ಎಫ್‌ಡಿ ಮಾಡಿ, ಅದರಿಂದ ಸಾಲ ಕಟ್ಟಿ. ವಾಯಿದೆ ದಾಟಿದರೆ ಈ ರಿಯಾಯಿತಿ ಹೋಗುತ್ತದೆ. ತಾರೀಖು ಪಾಸ್‌ಬುಕ್ಕಿನಲ್ಲಿ ಕಾಣದಿದ್ದರೆ ಕಾರ್ಯದರ್ಶಿಯ ಕೈಯಿಂದ ಬರೆಸಿಕೊಳ್ಳಿ.

ಉಳಿದದ್ದರಿಂದ ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಬೇಕು. 90,000 ಇದ್ದರೆ 15,000 ಉಳಿತಾಯ ಖಾತೆಯಲ್ಲಿ ಬಿಡಿ. ಉಳಿದ 75,000 ಅನ್ನು ಒಂದೇ ಎಫ್‌ಡಿ ಮಾಡದೆ 15,000ದ ಐದು ಎಫ್‌ಡಿ ಮಾಡಿ, ಒಂದು ತಿಂಗಳದು, ಎರಡು ತಿಂಗಳದು, ಹೀಗೆ ಐದು ತಿಂಗಳವರೆಗೆ. ತಿಂಗಳಿಗೊಂದು ಮುಗಿದು ಖಾತೆಗೆ ಬೀಳುತ್ತದೆ. ಇಷ್ಟು ಚಿಕ್ಕ ಅವಧಿಗೆ ಬಡ್ಡಿ ಕಡಿಮೆಯೇ, ಅದಕ್ಕಾಗಿ ಮಾಡುತ್ತಿಲ್ಲ. ಜನವರಿಯಲ್ಲಿ ಯಾರೋ ಬಂದು ‘ಒಂದ್ ಐವತ್ತು ಸಾವಿರ ಕೊಡೋ ತಮ್ಮಾ’ ಅಂದಾಗ ‘ಎಫ್‌ಡಿ ಆಗ್ಯಾದ ಅಣ್ಣಾ’ ಎಂದು ಸುಳ್ಳಿಲ್ಲದೆ ಹೇಳಬಹುದು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಫಾರಂನಲ್ಲಿ ‘ತಾನಾಗಿ ನವೀಕರಣ’ ಎಂಬಲ್ಲಿ ಟಿಕ್ ಬಿದ್ದಿದ್ದರೆ ಹಣ ಖಾತೆಗೆ ಬರದೆ ಮತ್ತೆ ಅಷ್ಟೇ ಅವಧಿಗೆ ಕೂತುಬಿಡುತ್ತದೆ. ‘ಮುಗಿದ ದಿನ ಖಾತೆಗೆ ಜಮೆ’ ಎಂದು ಬರೆಸಿ.

ಸಾಲ ಇದ್ದಾಗ ಉಳಿಸೋದು ಬ್ಯಾರೆ ಹುಚ್ಚತನ ಅಲ್ಲೇನ್ರಿ?

ಯಾವ ಸಾಲ ಎಂಬುದರ ಮೇಲೆ. ‘ನೂರಕ್ಕೆ ಮೂರು’ ಎನ್ನುವ ಕೈಸಾಲ ಕೇಳಲು ಸಣ್ಣದು, ವರ್ಷಕ್ಕೆ ಶೇ 36. ಐವತ್ತು ಸಾವಿರಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000. ಅದೇ ಐವತ್ತು ಸಾವಿರವನ್ನು ಶೇ 6.5ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ ಬರುವುದು 3,250. ಆ ಸಾಲ ಇರುವಾಗ ಎಫ್‌ಡಿ ಇಟ್ಟವರು ವರ್ಷಕ್ಕೆ ಹದಿನಾಲ್ಕು ಮುಕ್ಕಾಲು ಸಾವಿರ ಸುಮ್ಮನೆ ಕಳೆದುಕೊಳ್ಳುತ್ತಾರೆ. ಆದರೂ ಪೈಸೆಯೂ ಬಿಡದೆ ಸಾಲಕ್ಕೆ ಕಟ್ಟಬೇಡಿ. ಒಂದು ತಿಂಗಳ ಖರ್ಚು ಪಕ್ಕಕ್ಕಿಟ್ಟು ಉಳಿದದ್ದು ಕಟ್ಟಿ. ಇಲ್ಲದಿದ್ದರೆ ಮಗುವಿಗೆ ಜ್ವರ ಬಂದ ದಿನ ಅದೇ ಮನೆಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಮೈಕ್ರೋ ಫೈನಾನ್ಸ್ ಕಂತು ಇರುವವರು ಇನ್ನೊಂದು ಲೆಕ್ಕ ನೋಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಿಮ್ಮದು ಈಗಾಗಲೇ ಅರ್ಧದ ಹತ್ತಿರ ಇದ್ದರೆ ಹೊಸ ಸಂಘದ ಸಾಲ ಹಳೆಯದರ ಕಂತು ಕಟ್ಟಲಷ್ಟೇ ಆಗುತ್ತದೆ. ವಸೂಲಿಗೆ ಬಂದು ಕಾಟ ಕೊಡುವುದರ ವಿರುದ್ಧ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಪೊಲೀಸ್ ಠಾಣೆಗೆ ದೂರು ಕೊಡಬಹುದು.

ಗಂಜ್‌ನಾಗ ದಲಾಲಿ ಅಂಗಡ್ಯಾಗೇ ರೊಕ್ಕ ಬಿಟ್ಟೀವಿ. ನೂರಕ್ಕ ಒಂದು ಬಡ್ಡಿ ಕೊಡ್ತಾರ. ಬ್ಯಾಂಕಿಗಿಂತ ಚಲೋ ಅಲ್ಲಾ?

ವರ್ಷಕ್ಕೆ ಶೇ 12, ಬ್ಯಾಂಕಿನ ಹೆಚ್ಚುಕಡಿಮೆ ಎರಡರಷ್ಟು, ನಿಜ. ತಲೆಮಾರಿನ ನಂಬಿಕೆಯೂ ಇರುತ್ತದೆ. ಆದರೆ ಮಾಲಿನ ಹಣ ಬಾಕಿ ಇದ್ದರೆ ಲೆಕ್ಕಪಟ್ಟಿ ಹಿಡಿದು ಎಪಿಎಂಸಿ ಕಚೇರಿಗೆ ಹೋಗಬಹುದು. ‘ಬಡ್ಡಿಗೆ ಇರಲಿ ಸಾಹುಕಾರ್ರೇ’ ಎಂದ ಕ್ಷಣ ಅದು ಮಾಲಿನ ಹಣವಾಗಿ ಉಳಿಯುವುದಿಲ್ಲ, ನೀವು ಕೊಟ್ಟ ಕೈಸಾಲವಾಗುತ್ತದೆ. ಅಂಗಡಿ ಮುಚ್ಚಿದರೆ ಸಾಲಗಾರರ ಸಾಲಿನಲ್ಲಿ ನೀವೂ ಒಬ್ಬರು. ಬೆಳೆಯ ಬಂಡವಾಳದ ಪಾಲು, ಅದೂ ಬರಹದಲ್ಲಿ, ಅಲ್ಲಿರಬಹುದು. ಮನೆಖರ್ಚಿನ ಗಂಟು ಬೇಡ.

ಸೌಹಾರ್ದ ಸಹಕಾರಿಯಲ್ಲಿ ಒಂದೆರಡು ಪರ್ಸೆಂಟ್ ಜಾಸ್ತಿ. ಇಡಬಹುದಾ?

ಬ್ಯಾಂಕು ಮುಳುಗಿದರೆ ಠೇವಣಿ ವಿಮೆ ಇರುತ್ತದೆ. 2020ರ ಫೆಬ್ರವರಿ 4ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಸೇರಿ 5 ಲಕ್ಷದವರೆಗೆ. ಈ ರಕ್ಷಣೆ ರಾಷ್ಟ್ರೀಕೃತ ಬ್ಯಾಂಕ್, ಖಾಸಗಿ ಬ್ಯಾಂಕ್, ಬಳ್ಳಾರಿಯಲ್ಲೇ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್, ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕುಗಳಿಗೆ ಉಂಟು. ಸೌಹಾರ್ದ ಸಹಕಾರಿಗಳಿಗೆ, ಪತ್ತಿನ ಸಂಘಗಳಿಗೆ ಇಲ್ಲ. ಎ.ಸಿ. ಹಾಕಿಸಿ ಬ್ಯಾಂಕಿನ ಹಾಗೆಯೇ ಕೌಂಟರ್ ಕಟ್ಟಿಸಿದ್ದರೂ ಇಲ್ಲ. ಒಂದೇ ಪ್ರಶ್ನೆ ಕೇಳಿ: ‘ಠೇವಣಿ ವಿಮೆ ಇದೆಯಾ, ಪತ್ರ ತೋರಿಸಿ.’ ‘ನಮ್ಮದು ನೋಂದಣಿ ಆಗಿದೆ’ ಎಂಬುದು ಅದಕ್ಕೆ ಉತ್ತರವಲ್ಲ.

ಎಲ್ಲ ಸೌಹಾರ್ದಗಳೂ ಕೆಟ್ಟವೆಂದಲ್ಲ. ಸದಸ್ಯರಾಗಿ ವಾರ್ಷಿಕ ಸಭೆಗೆ ಹೋಗಿ, ಲೆಕ್ಕಪರಿಶೋಧನಾ ವರದಿ ಕೇಳಿ, ಸುಸ್ತಿ ಸಾಲ ಎಷ್ಟಿದೆ ನೋಡಿ. ಕಳೆದುಕೊಂಡರೂ ನಿದ್ದೆ ಕೆಡದಷ್ಟನ್ನು ಇಡಿ. ಅಂಚೆ ಕಚೇರಿಯ ಹಣಕ್ಕೆ ಈ 5 ಲಕ್ಷದ ಮಿತಿ ಇಲ್ಲ, ಅದಕ್ಕೆ ಕೇಂದ್ರ ಸರ್ಕಾರವೇ ಹೊಣೆ.

ಚೀಟಿ ಹಾಕೋದು ಉಳಿತಾಯನಾ?

ಅರ್ಧ ಉಳಿತಾಯ, ಅರ್ಧ ಸಾಲ. 20 ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ ಎಂದುಕೊಳ್ಳಿ. ಈ ತಿಂಗಳು ಒಬ್ಬರು 25,000 ಬಿಟ್ಟು ಕೂಗಿದರೆ ಅವರಿಗೆ 75,000. ಬಿಟ್ಟ ಹಣದಲ್ಲಿ ನಡೆಸುವವರ ಕಮಿಷನ್ 5,000 ತೆಗೆದು ಉಳಿದ 20,000 ಎಲ್ಲರಿಗೂ ಸಾವಿರದಂತೆ ಹಂಚಿಕೆ. ಕೊನೆಗೆ ಎತ್ತಿಕೊಳ್ಳುವವರಿಗೆ ಲಾಭ, ಮೊದಲು ಎತ್ತಿದವರಿಗೆ ದುಬಾರಿ ಸಾಲ. ತೊಂದರೆ ಬರುವುದು ಎತ್ತಿಕೊಂಡವರು ಕಂತು ನಿಲ್ಲಿಸಿದಾಗ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಯಲ್ಲಿ ನಡೆಸುವವರು ಭದ್ರತೆ ಇಟ್ಟಿರಬೇಕು, ಕಮಿಷನ್ ಶೇ 7 ಮೀರುವಂತಿಲ್ಲ. ಓಣಿಯ ಚೀಟಿಯಲ್ಲಿ ಇರುವುದು ಒಂದು ನೋಟ್‌ಬುಕ್. ಕಷ್ಟಕಾಲದ ಗಂಟನ್ನು ಅಲ್ಲಿ ಇಡಲೇಬೇಡಿ, ನಿಮಗೆ ಬೇಕಾದ ತಿಂಗಳೇ ಹರಾಜು ಜೋರಾಗಿರುತ್ತದೆ.

‘ಮೂರು ವರ್ಷಕ್ಕ ಡಬಲ್’ ಅಂತಾರ. ನಂಬಬಹುದಾ?

72ನ್ನು ವರ್ಷದಿಂದ ಭಾಗಿಸಿ, ಡಬಲ್ ಆಗಲು ಬೇಕಾದ ಬಡ್ಡಿ ದರ ಸುಮಾರಾಗಿ ಸಿಗುತ್ತದೆ. ಮೂರು ವರ್ಷಕ್ಕೆ ಡಬಲ್ ಅಂದರೆ ವರ್ಷಕ್ಕೆ ಶೇ 24. ಸರ್ಕಾರದ ಕಿಸಾನ್ ವಿಕಾಸ್ ಪತ್ರ ಡಬಲ್ ಆಗಲು ಶೇ 7.5ರಲ್ಲಿ 115 ತಿಂಗಳು ಬೇಕು. ನಂಬಬೇಡಿ.

ಬಂಗಾರ ತಗೊಂಡ್ರ ಹೆಂಗ?

ಮೈಮೇಲೆ ಹಾಕಿಕೊಳ್ಳಲು ಚಲೋ, ರಾತ್ರಿ ಕಷ್ಟಕ್ಕೆ ಅಡವಿಡಲೂ ಚಲೋ. ಉಳಿತಾಯವೆಂದು ತೂಗಿದರೆ ಕೊಳ್ಳುವಾಗ ಮಜೂರಿ, ವೇಸ್ಟೇಜ್, ಮೇಲೆ ಶೇ 3 ಜಿಎಸ್‌ಟಿ. ಮಾರುವಾಗ ಬರುವುದು ಬರೀ ಬಂಗಾರದ ಬೆಲೆ. ಮಜೂರಿ ಶೇ 12 ಇದ್ದ ಸರಕ್ಕೆ ರೇಟು ಸುಮಾರು ಶೇ 15 ಏರಿದ ಮೇಲಷ್ಟೇ ನಿಮ್ಮ ಹಣ ನಿಮಗೆ. ಉಳಿತಾಯಕ್ಕೇ ಬೇಕಿದ್ದರೆ ಕಲ್ಲಿಲ್ಲದ ಸಾದಾ ಬಳೆ ಅಥವಾ ನಾಣ್ಯ ತೆಗೆದುಕೊಳ್ಳಿ. 22 ಕ್ಯಾರೆಟ್ ಒಡವೆಯ ಹಾಲ್‌ಮಾರ್ಕ್‌ನಲ್ಲಿ ಬಿಐಎಸ್ ಗುರುತು, 916, ಆರು ಅಕ್ಷರ-ಅಂಕಿಯ ಗುರುತು ಸಂಖ್ಯೆ ಎಚ್‌ಯುಐಡಿ, ಈ ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ, ಬರುವ ವಿವರ ಕೈಯಲ್ಲಿರುವ ಒಡವೆಯದ್ದೇ ಹೌದೋ ನೋಡಿ. ಕಷ್ಟಕಾಲದ ಗಂಟಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಂಗಾರದಲ್ಲಿ ಬೇಡ.

ಗೃಹಲಕ್ಷ್ಮಿ ರೊಕ್ಕ ಆರ್‌ಡಿಗೆ ಕಟ್ಟಬೇಕಂತೀನಿ. ಪೋಸ್ಟಾ, ಬ್ಯಾಂಕಾ?

ತಿಂಗಳಿಗೆ 2,000 ಅಂದರೆ ವರ್ಷಕ್ಕೆ 24,000, ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿರುವ ಮೊದಲ ಗಂಟು ಇದೇ. ಆದರೆ ಈ ಹಣ ಒಂದೇ ತಾರೀಖಿಗೆ ಬೀಳುವುದಿಲ್ಲ. ಎರಡು ತಿಂಗಳು ಬಾರದೆ ಮೂರನೆಯ ತಿಂಗಳು ಕೂಡಿ ಬಂದದ್ದೂ ಉಂಟು. ಅದನ್ನೇ ನಂಬಿ 2,000ದ ಆರ್‌ಡಿ ಮಾಡಿದರೆ ಕಂತು ತಪ್ಪುತ್ತದೆ. ಅಂಚೆ ಆರ್‌ಡಿಯಲ್ಲಿ ತಪ್ಪಿದ ಕಂತಿಗೆ ನೂರಕ್ಕೆ ಒಂದು ರೂಪಾಯಿ ದಂಡ. 1,000ದ ಆರ್‌ಡಿ ಮಾಡಿ, ಮೊದಲ ಎರಡು ತಿಂಗಳ ಹಣ ಖಾತೆಯಲ್ಲೇ ಬಿಟ್ಟು ಮೂರನೆಯ ತಿಂಗಳಿಂದ ಶುರು ಮಾಡಿ.

ಅಂಚೆ ಆರ್‌ಡಿ ಐದು ವರ್ಷದ್ದು, ಬಡ್ಡಿ ಶೇ 6.7. ಮೂರು ವರ್ಷಕ್ಕೆ ಮೊದಲು ಮುರಿಯಲಾಗದು, ಆಮೇಲೆ ಮುರಿದರೂ ಸಿಗುವುದು ಉಳಿತಾಯ ಖಾತೆಯ ಶೇ 4. ಹನ್ನೆರಡು ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತದೆ. ಜೂನ್ ಫೀಗೆ, ಜಾತ್ರೆಗೆ ಬೇಕಾದ ಹಣಕ್ಕೆ ಬ್ಯಾಂಕಿನ ಹನ್ನೆರಡು ತಿಂಗಳ ಆರ್‌ಡಿಯೇ ಸರಿ.

ಮಗಳ ಹೆಸರಿಗೆ ಸುಕನ್ಯಾ ತೆಗೆದೀವಿ. ಮದುವೆ, ಓದು ಎರಡಕ್ಕೂ ಸಾಕಾಗ್ತದಾ?

ತಿಂಗಳಿಗೆ 1,000 ಹದಿನೈದು ವರ್ಷ ಕಟ್ಟಿದರೆ 1,80,000. ಶೇ 8.2 ಹೀಗೇ ಇದ್ದರೆ 21 ವರ್ಷಕ್ಕೆ ಸುಮಾರು 5.5 ಲಕ್ಷ. ಬೆಲೆ ವರ್ಷಕ್ಕೆ ಶೇ 6 ಏರಿದರೆ ಅಂದಿನ 5.5 ಲಕ್ಷ ಇಂದಿನ 1.6 ಲಕ್ಷಕ್ಕೆ ಸಮ. ಯೋಜನೆ ಒಳ್ಳೆಯದೇ, ಸಾವಿರ ಮಾತ್ರ ಸಾಲದು. ವರ್ಷಕ್ಕೆ ಶೇ 10ರಷ್ಟು ಕಂತು ಏರಿಸುತ್ತಾ ಹೋಗಿ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕಟ್ಟಿ. 6ಕ್ಕೆ ಕಟ್ಟಿದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಪಿಪಿಎಫ್‌ಗೂ ಇದೇ ನಿಯಮ.

ತೋರಣಗಲ್ಲಿನಾಗ ಗುತ್ತಿಗೆ ಕೆಲಸ. ಗುತ್ತಿಗೆದಾರ ಬದಲಾದಾಗೆಲ್ಲ ಪಿಎಫ್ ತೆಗೀತೀವಿ. ತಪ್ಪಾ?

ಕೈಗೆ ಬರುವ ನಲವತ್ತು-ಐವತ್ತು ಸಾವಿರ ಕಾಣುತ್ತದೆ, ಹೋಗುವ ಪಿಂಚಣಿ ಕಾಣುವುದಿಲ್ಲ. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಪಿಂಚಣಿ ಪಾಲನ್ನೂ ತೆಗೆದರೆ ಆ ಸೇವೆ ಅಲ್ಲಿಗೇ ಕಟ್, ಮತ್ತೆ ಸೊನ್ನೆಯಿಂದ ಎಣಿಕೆ. ತೆಗೆಯುವ ಬದಲು ಅದೇ ಯುಎಎನ್‌ಗೆ, ಅಂದರೆ ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆಗೆ, ವರ್ಗಾಯಿಸಿ. 2024-25ಕ್ಕೆ ಪಿಎಫ್ ಬಡ್ಡಿ ಶೇ 8.25, ದೊಡ್ಡ ಬ್ಯಾಂಕುಗಳ ಎಫ್‌ಡಿಗಿಂತ ಹೆಚ್ಚು. ವರ್ಗಾವಣೆ ನಿಲ್ಲುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ: ಹೊಸ ಗುತ್ತಿಗೆದಾರರು ಇನ್ನೊಂದು ಯುಎಎನ್ ತೆರೆದಿರುತ್ತಾರೆ, ಆಧಾರ್‌ನ ಹೆಸರು ಹೊಂದುವುದಿಲ್ಲ, ಹಳೆಯವರು ಕೆಲಸ ಬಿಟ್ಟ ತಾರೀಖು ಹಾಕಿರುವುದಿಲ್ಲ. ಕೊನೆಯದನ್ನು ಎರಡು ತಿಂಗಳ ನಂತರ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಸೇರುವ ದಿನವೇ ಹಳೆಯ ಯುಎಎನ್ ಬರೆದು ಕೊಡಿ.

ಮುಪ್ಪಿಗೆ ಎಷ್ಟು?

ವರ್ಷದ ಖರ್ಚಿನ 25 ಪಟ್ಟು ಕೂಡಿಡಬೇಕು ಎಂಬ ಸೂತ್ರ ಎಲ್ಲರ ಬಾಯಲ್ಲಿದೆ. ಅದು ಅಮೆರಿಕದ ಷೇರು, ಬಾಂಡುಗಳ ಇತಿಹಾಸ ನೋಡಿ ಅಲ್ಲಿನ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಹಾಕಿದ ಲೆಕ್ಕದಿಂದ ಬಂದದ್ದು. ಇಲ್ಲಿ ಬೆಲೆ ಏರುವ ವೇಗ ಬೇರೆ, 30 ಪಟ್ಟು ಹಿಡಿಯುವುದು ವಾಸಿ. ಆದರೆ ಪೂರ್ತಿ ಖರ್ಚಿಗಲ್ಲ, ಕೊರತೆಗೆ. ಕೊಪ್ಪಳದಲ್ಲಿ ಸ್ವಂತ ಮನೆ ಇರುವ ಗಂಡ-ಹೆಂಡತಿಗೆ ತಿಂಗಳಿಗೆ 18,000 ಬೇಕು, ಹೊಲದ ಗುತ್ತಿಗೆಯಿಂದ 6,000 ಬರುತ್ತದೆ ಎನ್ನಿ. ಕೊರತೆ 12,000, ವರ್ಷಕ್ಕೆ 1,44,000. ಮೂವತ್ತು ಪಟ್ಟು 43.2 ಲಕ್ಷ.

ಅಷ್ಟಿಲ್ಲ, 30 ಲಕ್ಷ ಇದೆ ಎಂದರೆ? ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರಿಗೆ ಅಷ್ಟೇ ಮಿತಿ, ಬಡ್ಡಿ ಶೇ 8.2, ಮೂರು ತಿಂಗಳಿಗೆ 61,500, ತಿಂಗಳಿಗೆ 20,500 ಬಿದ್ದಂತೆ. 12,000 ಸಾಕು, 20,500 ಬರುತ್ತಿದೆ, ಆರಾಮ ಎನಿಸುತ್ತದೆ. ಶೇ 6ರಲ್ಲಿ ಹನ್ನೆರಡು ವರ್ಷಕ್ಕೆ ಬೆಲೆ ಎರಡರಷ್ಟಾಗುತ್ತದೆ. ಆಗ 18,000ದ ಮನೆಗೆ 36,000 ಬೇಕು. ಉಳಿಯುವ 8,500ನ್ನು ಪ್ರತಿ ತಿಂಗಳು ಮತ್ತೆ ಆರ್‌ಡಿಗೆ ಹಾಕಿದವರಿಗೆ ಈ ಯೋಜನೆ ಸಾಲುತ್ತದೆ. ಮೊಮ್ಮಕ್ಕಳಿಗೆ ಬೈಕು ಕೊಡಿಸಿದವರಿಗೆ ಎಪ್ಪತ್ತೈದರ ಹೊತ್ತಿಗೆ ಬಿಗಿಯಾಗುತ್ತದೆ.

ಕೂಲಿ ಮನೆಗಳಿಗೆ ಈ ಅಂಕಿಗಳು ದೂರದ ಮಾತು. ಅವರಿಗೆ 40 ವರ್ಷದೊಳಗೆ ಅಟಲ್ ಪಿಂಚಣಿ: 60ರ ನಂತರ ತಿಂಗಳಿಗೆ 5,000 ಬೇಕೆಂದರೆ 18ರಲ್ಲಿ ಸೇರಿದವರು ತಿಂಗಳಿಗೆ 210 ಕಟ್ಟಬೇಕು, 30ರಲ್ಲಿ ಸೇರಿದರೆ 577.

ದವಾಖಾನೆ ಖರ್ಚು ಬಂದ್ರ ಇದೆಲ್ಲಾ ಹಾರಿಹೋಗ್ತದಲ್ಲ?

ಹೋಗುತ್ತದೆ, ಅದಕ್ಕೇ ಮೊದಲು ಕಾರ್ಡು. ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋದವರು ಬಿಲ್ ಕೈಯಿಂದ ಕಟ್ಟಬೇಕಾಗುತ್ತದೆ. ಚಿಕಿತ್ಸೆ ಉಚಿತವಾದರೂ ಜೊತೆಗಿರುವವರ ಊಟ, ಗಾಡಿ, ತಪ್ಪಿದ ಕೂಲಿ ಉಚಿತವಲ್ಲ. ಹತ್ತು ದಿನಕ್ಕೆ ಹದಿನೈದು ಸಾವಿರ ಬೇರೆ ಇಡಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436ಕ್ಕೆ 2 ಲಕ್ಷದ ಜೀವ ವಿಮೆ ಇವೆ. ಕಂತು ಕಡಿತವಾಗುವುದು ಮೇ ಕೊನೆಗೆ. ಬೀಜ-ಗೊಬ್ಬರಕ್ಕೆಂದು ಖಾತೆ ಖಾಲಿ ಮಾಡುವುದೂ ಆಗಲೇ. 456 ರೂಪಾಯಿ ಬಿಡಿ, ಇಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತಿರುತ್ತದೆ.

ಮನ್ಯಾಗ ಎಷ್ಟು ನಗದು ಇಡಬೇಕು?

ಎರಡು ವಾರದ ಕಿರಾಣಿ ಮತ್ತು ರಾತ್ರೋರಾತ್ರಿ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗುವ ಗಾಡಿ ಬಾಡಿಗೆ, ಎಂಟರಿಂದ ಹತ್ತು ಸಾವಿರ. ಉಳಿದದ್ದು ಫೋನ್‌ಪೇ, ಗೂಗಲ್‌ಪೇ ಯಾವುದಕ್ಕೂ ಜೋಡಿಸದ, ಎಟಿಎಂ ಕಾರ್ಡ್ ತೆಗೆದುಕೊಳ್ಳದ ಬೇರೊಂದು ಖಾತೆಯಲ್ಲಿರಲಿ. ಒಟಿಪಿ ಕೇಳಿ ಫೋನ್ ಮಾಡುವವರಿಗೆ ಅದು ಸುಲಭಕ್ಕೆ ಸಿಗುವುದಿಲ್ಲ, ಸಂಜೆ ಅಂಗಡಿಗೆ ಹೊರಟ ನಿಮಗೂ ಸಿಗುವುದಿಲ್ಲ. ಆದರೆ ಎರಡು ವರ್ಷ ಮುಟ್ಟದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ, ಕಷ್ಟದ ದಿನವೇ ಕೆವೈಸಿಗೆ ಅಲೆಯಬೇಕಾಗುತ್ತದೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ನೂರು ರೂಪಾಯಿ ಹಾಕಿ ತೆಗೆಯಿರಿ.

ನಾಮಿನಿ ಹಾಕಿಸೀವಿ. ಮತ್ತೇನು ನೋಡಬೇಕು?

ಹೆಸರು. ಪಾಸ್‌ಬುಕ್ಕಿನಲ್ಲಿ ‘ಈರಮ್ಮ ಗಂಡ ಬಸಪ್ಪ’, ಆಧಾರ್‌ನಲ್ಲಿ ‘ವೀರಮ್ಮ’ ಎಂದಿದ್ದರೆ ಹಣ ಬಿಡಿಸಲು ತಿಂಗಳುಗಟ್ಟಲೆ ಓಡಾಟ. ಖಾತೆದಾರರು ಇರುವಾಗಲೇ ತಿದ್ದಿಸಿ, ಅದು ಒಂದು ಅರ್ಜಿಯ ಕೆಲಸ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಸಬಹುದು. ಗಂಡ-ಹೆಂಡತಿಯ ಜಂಟಿ ಖಾತೆಯಾದರೆ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತು ಹಾಕಿಸಿ. ‘ಇಬ್ಬರೂ ಸೇರಿ’ ಎಂದಿದ್ದರೆ ಒಬ್ಬರು ಆಸ್ಪತ್ರೆಯಲ್ಲಿರುವಾಗ ಇನ್ನೊಬ್ಬರು ಒಂದು ರೂಪಾಯಿಯೂ ತೆಗೆಯಲಾಗದು. ಖಾತೆ, ಎಫ್‌ಡಿ, ಆರ್‌ಡಿ, ವಿಮೆ, ಚೀಟಿ, ಕೈಗಡ ಕೊಟ್ಟದ್ದು ತಂದದ್ದು ಎಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದು, ಅದು ಯಾವ ಟ್ರಂಕಿನಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಡಿ. ಪಿನ್ ಸಂಖ್ಯೆ ಮಾತ್ರ ಅದರಲ್ಲಿ ಬರೆಯಬೇಡಿ.